ಎಡಗಡೆ ಓಡಾಡುತ್ತಿದ್ದ ಊರು

ಮೊದಲ ದಿನ: ರಸ್ತೆ ದಾಟುವುದು

ಮೂವತ್ತೊಂದು ವರ್ಷ ನಾನು ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಜನರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್. ಬೆಳಗ್ಗೆ ಲೈಸೆನ್ಸಿಗೆ ಬಂದವರ ಕೈಯಲ್ಲಿ ಎಂಟು ಹಾಕಿಸುವುದು, ಮಧ್ಯಾಹ್ನ ಅಪಘಾತವಾದ ಗಾಡಿಗಳ ಬ್ರೇಕು, ಸ್ಟೀರಿಂಗು ನೋಡಿ ವರದಿ ಬರೆಯುವುದು. ಕಂಡದ್ದನ್ನು ಮಾತ್ರ ಬರೆಯಬೇಕು, ಅಳೆಯದೆ ಬರೆಯಬಾರದು ಎನ್ನುವ ಅಭ್ಯಾಸ ಆ ಕೆಲಸದಿಂದ ಬಂದದ್ದು. ನಿವೃತ್ತನಾದ ಮೇಲೂ ನನ್ನ ಜೇಬಿನಲ್ಲಿ ಒಂದು ಅಳತೆ ಟೇಪು ಇರುತ್ತದೆ. ಸ್ವೀಡನ್ನಿಗೂ ಅದನ್ನು ಒಯ್ದಿದ್ದೆ. ಈ ಬರಹವನ್ನೂ ಅದೇ ಅಭ್ಯಾಸದಲ್ಲಿ ಬರೆಯಲು ನೋಡುತ್ತೇನೆ. ಆದರೆ ಅಲ್ಲಿ ಒಂದು ಮಧ್ಯಾಹ್ನ, ಕಣ್ಣೆದುರು ನಡೆಯುತ್ತಿದ್ದದ್ದು ನನಗೆ ಕಾಣಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ.

ಗೋಥೆನ್‌ಬರ್ಗ್ ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರು. ನನ್ನ ತಂಗಿಯ ಮಗಳು ವಿದ್ಯಾ ಅಲ್ಲಿ ಕೆಲಸದಲ್ಲಿದ್ದಾಳೆ. ಅವಳ ಗಂಡ ಕೆಲಸದ ಮೇಲೆ ಎರಡು ತಿಂಗಳು ಬೇರೆ ಊರಾದ ಎಸ್ಕಿಲ್‌ಸ್ಟುನಾದಲ್ಲಿ ಇರಬೇಕಾಗಿ ಬಂತು. "ಮಾಮ, ನೀವು ದಾವಣಗೆರೇಲಿ ಕೂತು ಮಾಡೋದೇನಿದೆ? ನಿಧೀನ ಬೆಳಗ್ಗೆ ಬಿಟ್ಟು ಸಾಯಂಕಾಲ ಕರ್ಕೊಂಡು ಬಂದ್ರೆ ಸಾಕು" ಎಂದು ನನ್ನನ್ನು ಕರೆಸಿಕೊಂಡಳು. ನಿಧಿ ಅವಳ ಮಗಳು, ಏಳು ವರ್ಷ. ಶಾಲೆಗೆ ರಜವಿದ್ದರೂ ಹಗಲು ಹೊತ್ತು ಮಕ್ಕಳ ಶಿಬಿರವಿತ್ತು.

ಕರೆದೊಯ್ಯುವುದು ನನ್ನ ಕೆಲಸ ಎಂದು ವಿದ್ಯಾ ತಿಳಿದಿದ್ದಳು. ಮೊದಲ ದಿನವೇ ಅದು ತಿರುಗುಮುರುಗಾಯಿತು. ರಸ್ತೆ ದಾಟುವಾಗ ನಾನು ಬಲಕ್ಕೆ ನೋಡಿ ಕಾಲಿಟ್ಟೆ. ಎಡಗಡೆಯಿಂದ ಬಂದ ಸೈಕಲ್ಲು ನನ್ನ ಅಂಗಿಯ ತೋಳಿಗೆ ಸವರಿಕೊಂಡು ಹೋಯಿತು. ತಪ್ಪು ನನ್ನದು. ಆದರೂ ಅದರ ಮೇಲಿದ್ದ ಹೆಂಗಸು ಸೈಕಲ್ಲು ನಿಲ್ಲಿಸಿ, ಹಿಂದಕ್ಕೆ ನಡೆದು ಬಂದು, ನನ್ನ ಕ್ಷಮೆ ಕೇಳಿದಳು. ನಿಧಿ ನನ್ನ ಬೆರಳು ಹಿಡಿದು ಹೇಳಿದಳು:

"ವೆನ್‌ಸ್ಟರ್ ಫಸ್ಟ್, ಅಜ್ಜ. ಆಲ್‌ವೇಸ್ ವೆನ್‌ಸ್ಟರ್."

ವೆನ್‌ಸ್ಟರ್ ಎಂದರೆ ಎಡ. ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ಆದ್ದರಿಂದ ಮೊದಲು ಎಡಕ್ಕೆ ನೋಡಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿರುವುದು ಬೇರೆ, ಕತ್ತು ತಾನಾಗಿ ತಿರುಗುವುದು ಬೇರೆ. ವಿದ್ಯಾಳ ಕಾರು ಹತ್ತುವಾಗಲೆಲ್ಲ ನಾನು ಎಡಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಸ್ಟೀರಿಂಗು ಇರುತ್ತಿತ್ತು.

"ಇವತ್ತೂ ನೀವೇ ಓಡಿಸ್ತೀರಾ, ಮಾಮ?" ಎಂದು ವಿದ್ಯಾ ನಗುತ್ತಿದ್ದಳು.

ಇನ್ನೊಂದು ತೊಂದರೆಯಿತ್ತು. ಕೆಲಸದಲ್ಲಿದ್ದಷ್ಟು ಕಾಲ ಲೈಸೆನ್ಸಿಗೆ ಬಂದವರ ಪಕ್ಕದಲ್ಲಿ ಕುಳಿತು ನನ್ನ ಬಲಗಾಲಿಗೆ ಇಲ್ಲದ ಬ್ರೇಕನ್ನು ಒತ್ತುವ ಚಾಳಿ ಅಂಟಿದೆ. ಗೋಥೆನ್‌ಬರ್ಗಿನಲ್ಲಿ ಅದು ಹೆಚ್ಚಾಯಿತು. ಎದುರಿನಿಂದ ಬರುವ ಪ್ರತಿ ಗಾಡಿಯೂ ತಪ್ಪು ಕಡೆಯಿಂದ ಬರುವಂತೆ ಕಂಡು ಕಾಲು ತಾನೇ ಒತ್ತುತ್ತಿತ್ತು. ರಾತ್ರಿ ಮಂಡಿ ನೋಯುತ್ತಿತ್ತು.

ಗ್ಯಾರೇಜುಗಳ ಸಾಲು

ವಿದ್ಯಾಳ ಮನೆಯ ಹಿಂದೆ ಮರದ ಬಾಗಿಲುಗಳ ಗ್ಯಾರೇಜುಗಳ ಸಾಲೊಂದಿದೆ. ಒಂದು ಬೆಳಗ್ಗೆ ನಿಧಿಯನ್ನು ಬಿಟ್ಟು ಬರುವಾಗ ಅದರಲ್ಲೊಂದು ತೆರೆದಿತ್ತು. ಒಳಗೆ ತಿಳಿಬೂದು ಬಣ್ಣದ ಹಳೆಯ ಕಾರು, ಬೆನ್ನು ಗುಂಡಗೆ, ನಮ್ಮ ಅಂಬಾಸಿಡರ್‌ನ ದೊಡ್ಡಪ್ಪನ ಮಗನಂತೆ. ಯಾರೂ ಕಾಣಲಿಲ್ಲ. ನಾನು ಮಂಡಿಯೂರಿ ಮುಂದಿನ ಟೈರಿನ ಸವೆತ ನೋಡಿದೆ. ಒಳಗಿನ ಅಂಚು ಹೊರಗಿನಷ್ಟೇ ಇತ್ತು. ಚಕ್ರ ಹಿಡಿದು ಅಲ್ಲಾಡಿಸಿದೆ. ಒಂದಿಷ್ಟೂ ಸಡಿಲವಿಲ್ಲ.

"ಕೊಳ್ಳೋಕೆ ಬಂದಿದ್ದೀಯೋ, ಕದಿಯೋಕೋ?" ಎಂದು ಹಿಂದಿನಿಂದ ಇಂಗ್ಲಿಷಿನಲ್ಲಿ ಒಂದು ದನಿ ಕೇಳಿತು.

ಎತ್ತರದ ಮುದುಕ, ಕೈಯಲ್ಲಿ ಒರೆಸುವ ಬಟ್ಟೆ. ಹೆಸರು ಗುನ್ನಾರ್, ವಯಸ್ಸು ಎಪ್ಪತ್ತೊಂಬತ್ತು. ಅಲ್ಲಿ ಎಲ್ಲರೂ ಎಲ್ಲರನ್ನೂ ಬರಿಯ ಹೆಸರಿನಿಂದ ಕರೆಯುತ್ತಾರೆ. ಅವರ ಇಂಗ್ಲಿಷು ನನ್ನ ಕಿವಿಗೆ ಏಕವಚನದಲ್ಲೇ ಬಿತ್ತು. ಅದರಲ್ಲಿ ಒರಟುತನವಿರಲಿಲ್ಲ.

"ಎರಡಕ್ಕೂ ಅಲ್ಲ. ನೋಡೋದು ಅಭ್ಯಾಸ. ನಮ್ಮೂರಲ್ಲಿ ಲೈಸೆನ್ಸ್ ಕೊಡೋ ಇನ್ಸ್‌ಪೆಕ್ಟರ್ ಆಗಿದ್ದೆ" ಎಂದೆ.

"ಹಾಗಾದ್ರೆ ನಿನ್ನನ್ನ ಲೇನಾನೇ ಕಳಿಸಿರಬೇಕು."

ಲೇನಾ ಅವರ ಮಗಳು, ಊರಿನ ಇನ್ನೊಂದು ತುದಿಯಲ್ಲಿ ಶಾಲಾ ಶಿಕ್ಷಕಿ. ಅವಳ ಮೇಲೆ ಅವರಿಗೊಂದು ದೂರಿತ್ತು. "ಈ ದೇಶದಲ್ಲಿ ಕಾರಿಗೆ ಐವತ್ತು ದಾಟಿದರೆ ತಪಾಸಣೆ ಇಲ್ಲ. ಮನುಷ್ಯನಿಗೆ ಎಪ್ಪತ್ತೈದು ದಾಟಿದರೆ ಮಗಳು ದಿನಾ ತಪಾಸಣೆ ಮಾಡ್ತಾಳೆ" ಎಂದರು.

ಗ್ಯಾರೇಜಿನ ಗೋಡೆಗೆ ಹಲಗೆಗಳು, ಹಲಗೆಗಳ ಮೇಲೆ ಡಬ್ಬಗಳು, ಪ್ರತಿ ಡಬ್ಬದ ಮೇಲೂ ಚೀಟಿ. ಬಾಗಿಲ ಚಿಲಕದ ಪಕ್ಕ ಒಂದು ಚೀಟಿ, ಲೈಟಿನ ಸ್ವಿಚ್ಚಿನ ಪಕ್ಕ ಇನ್ನೊಂದು. ಎಷ್ಟು ಅಚ್ಚುಕಟ್ಟು ಎಂದುಕೊಂಡೆ. ಅಚ್ಚುಕಟ್ಟಿಗೆ ಅಂಟಿಸಿದ್ದಲ್ಲ ಎಂದು ಆಮೇಲೆ ತಿಳಿಯಿತು.

ಅವರು ಒಂದು ರಟ್ಟಿನ ಪೆಟ್ಟಿಗೆ ತೆರೆದರು. ಅದರ ತುಂಬ ಕಪ್ಪುಬಿಳುಪು ಫೋಟೋಗಳು. ಅವರ ತಂದೆ ಟ್ರಾಮ್ ಚಾಲಕ. ರಜದ ದಿನ ಈ ಕಾರಿನಲ್ಲಿ ಊರು ಸುತ್ತಿ, ಕಾರನ್ನು ಒಂದು ಬೀದಿಯಲ್ಲಿ ನಿಲ್ಲಿಸಿ, ಬೀದಿಯ ಫೋಟೋ ತೆಗೆಯುವುದು ಅವರ ಹವ್ಯಾಸವಾಗಿತ್ತು. ಈಗ ಮಗ ಅದೇ ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಫೋಟೋ ತೆಗೆಯುತ್ತಿದ್ದರು. ನಾಲ್ಕು ಬೇಸಿಗೆಯಿಂದ ಈ ಕೆಲಸ ನಡೆದಿತ್ತು. ಪೆಟ್ಟಿಗೆಯಲ್ಲಿ ಮತ್ತೆ ತೆಗೆಯಬೇಕಾದವು ಹನ್ನೊಂದು ಉಳಿದಿದ್ದವು.

"ಈ ಬೇಸಿಗೆ ಮುಗಿಸಬೇಕು. ಮುಂದಿನ ಬೇಸಿಗೆಗೆ ಕಾರು ಇರುತ್ತೆ. ನನ್ನದು ಹೇಳೋಕಾಗಲ್ಲ" ಎಂದರು. ತಲೆಯ ಪಕ್ಕ ಬೆರಳು ಮುಟ್ಟಿಸಿ ತೋರಿಸಿದರು. ದುಃಖದಿಂದ ಹೇಳಿದ್ದಲ್ಲ, ಬ್ಯಾಟರಿ ಹಳೆಯದಾಗಿದೆ ಎಂಬಂತೆ ಹೇಳಿದರು.

ನಮ್ಮ ಮನೆಯಲ್ಲೂ ಹಳೆಯ ಫೋಟೋಗಳಿವೆ. ಅವುಗಳಲ್ಲಿ ಜನ ಮಾತ್ರ ಇದ್ದಾರೆ, ಸ್ಟುಡಿಯೋದ ಪರದೆಯ ಮುಂದೆ ಕುರ್ಚಿಯ ಮೇಲೆ ನೆಟ್ಟಗೆ ಕುಳಿತವರು. ಬೀದಿ ಇಲ್ಲ. ನಾನು ಕೆಲಸಕ್ಕೆ ಸೇರಿದಾಗ ದಾವಣಗೆರೆಯ ಪಿ.ಬಿ. ರಸ್ತೆ ಹೇಗಿತ್ತು ಎಂದು ನಿಧಿ ಕೇಳಿದರೆ ನಾನು ತೋರಿಸಬಹುದಾದ ರಸ್ತೆಯ ಫೋಟೋಗಳೆಲ್ಲ ಪೊಲೀಸರು ಅಪಘಾತದ ಕಡತಕ್ಕಾಗಿ ತೆಗೆಸಿದವು.

ಮಾರನೆಯ ದಿನ ಲೇನಾ ಬಂದಳು. ಮೊದಲೇ ಫೋನಿನಲ್ಲಿ ಸಮಯ ಗೊತ್ತುಮಾಡಿಕೊಂಡು, ದಾಲ್ಚಿನ್ನಿ ಬನ್ನು ತಂದು, ಗ್ಯಾರೇಜಿನ ಮುಂದೆಯೇ ಫಿಕಾಕ್ಕೆ ಕೂರಿಸಿದಳು. ಫಿಕಾ ಎಂದರೆ ಕಾಫಿ, ಜೊತೆಗೆ ತಿನ್ನಲು ಏನಾದರೂ, ಅದಕ್ಕಿಂತ ಮುಖ್ಯವಾಗಿ ಕೂತು ಆಡುವ ಮಾತು.

"ಪಪ್ಪ ಒಬ್ಬನೇ ಓಡಿಸಬಾರದು ಅಂತ ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ. ನೀವು ಜೊತೆಗೆ ಹೋಗ್ತೀರಾ?" ಎಂದು ನನ್ನನ್ನು ಕೇಳಿದಳು. "ಒಂದೇ ಕೆಲಸ. ಹಳೇ ಫೋಟೋದಲ್ಲಿ ಕಾರು ರಸ್ತೆಯ ಎಡಕ್ಕೆ ಇರುತ್ತೆ. ಅದೇ ಥರ ನಿಲ್ಲಿಸಲೇಬೇಕು ಅಂತ ಪಪ್ಪನ ಹಟ. ಅಲ್ಲಿಂದ ಹೊರಡುವಾಗ 'ರೈಟ್' ಅಂತ ಒಂದು ಮಾತು ಹೇಳಿ. ಅಷ್ಟೇ."

"ಅವಳಿಗೆ ನನ್ನ ಮೇಲೆ ನಂಬಿಕೆ ಇಲ್ಲ" ಎಂದರು ಗುನ್ನಾರ್, ಬನ್ನು ಮುರಿಯುತ್ತ.

"ನಂಬಿಕೆ ಇದೆ. ನಿನ್ನ ನೆನಪಿನ ಮೇಲೆ ಇಲ್ಲ."

"ನನ್ನ ನೆನಪು ಚೆನ್ನಾಗೇ ಇದೆ. ಹೊಸದು ಮಾತ್ರ ಒಳಗೆ ಹೋಗಲ್ಲ."

ಇಬ್ಬರೂ ನಕ್ಕರು. ನಾನು ಒಪ್ಪಿಕೊಂಡೆ. ನಮ್ಮ ಬಸ್ಸುಗಳಲ್ಲಿ ಕಂಡಕ್ಟರುಗಳು ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಅದನ್ನು ಮರೆಯುವ ಪ್ರಶ್ನೆಯೇ ಇಲ್ಲ ಎಂದುಕೊಂಡೆ.

ಹಾಗಾ

ಮೊದಲು ಹೋದದ್ದು ಹಾಗಾಕ್ಕೆ, ಊರಿನ ಹಳೆಯ ಕೆಲಸಗಾರರ ಬಡಾವಣೆ. ಮನೆಗಳ ಕೆಳಗಿನ ಅಂತಸ್ತು ಕಲ್ಲು ಇಟ್ಟಿಗೆಯದು, ಮೇಲಿನ ಎರಡು ಮರದವು. ಈಗ ಕೆಳಗೆಲ್ಲ ಕಾಫಿ ಅಂಗಡಿಗಳು. ಗುನ್ನಾರರ ಕೆಲಸದ ರೀತಿ ಹೀಗೆ. ಫೋಟೋವನ್ನು ಕೈ ನೀಡಿ ಹಿಡಿಯುವರು, ಅದರೊಳಗಿನ ಸೂರಿನ ಗೆರೆ ಎದುರಿನ ಮನೆಯ ಸೂರಿಗೆ ಕೂಡುವವರೆಗೆ ಹಿಂದೆ ಮುಂದೆ ಸರಿಯುವರು, ಕೂಡಿದ ಕಡೆ ಸೀಮೆಸುಣ್ಣದಿಂದ ನೆಲಕ್ಕೆ ಗುರುತು. ಆಮೇಲೆ ಕಾರು. ಚಕ್ರಕ್ಕೂ ಪಾದಚಾರಿ ಕಟ್ಟೆಗೂ ಎಷ್ಟು ಅಂತರ ಎಂದು ಫೋಟೋ ನೋಡಿ ಅಂದಾಜು ಮಾಡಿ ನಾನು ಟೇಪು ಹಿಡಿಯುತ್ತಿದ್ದೆ.

ಒಂದು ಬೀದಿಯಲ್ಲಿ ಪಾರ್ಕಿಂಗ್ ನೋಡಿಕೊಳ್ಳುವವನು ಬಂದು ನಮ್ಮ ಹಿಂದೆ ನಿಂತ. ಕಾರು ತಪ್ಪು ಕಡೆಗೆ ನಿಂತಿತ್ತು. ಗುನ್ನಾರ್ ಫೋಟೋ ತೆಗೆದು ಮುಗಿಸುವವರೆಗೆ ಅವನು ಕೈಕಟ್ಟಿ ಕಾದ. ಆಮೇಲೆ "ಈಗ ಕಾರು ತೆಗೀತೀರಲ್ಲ?" ಎಂದ. ನಾವು ಕಾರು ತೆಗೆಯುವ ಮುಂಚೆ ಹಳೆಯ ಫೋಟೋ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಮೂಲೆಯ ಬ್ರೆಡ್ಡಿನ ಅಂಗಡಿಯಲ್ಲಿ ಅವನ ಅಜ್ಜಿ ಕೆಲಸಕ್ಕಿದ್ದಳಂತೆ.

ನನಗೆ ಆ ಫೋಟೋಗಳಲ್ಲಿ ಏನೋ ಬಹಳ ಪರಿಚಿತ ಅನ್ನಿಸುತ್ತಿತ್ತು. ಕಂಡರಿಯದ ಊರು, ಕೋಟು ಟೋಪಿಯ ಜನ, ಆದರೂ ಯಾವ ಬೀದಿಯನ್ನೂ ನಾನು ಧೈರ್ಯವಾಗಿ ದಾಟಬಲ್ಲೆ ಅನ್ನಿಸುತ್ತಿತ್ತು. ಏನೆಂದು ತಿಳಿಯಲು ಎರಡು ದಿನ ಬೇಕಾಯಿತು. ಟ್ರಾಮು, ಲಾರಿ, ಸೈಕಲ್ಲು, ಎಲ್ಲವೂ ಎಡಗಡೆ ಹೋಗುತ್ತಿದ್ದವು.

"ನಾವೂ ನಿಮ್ಮ ಥರಾನೇ ಇದ್ವಿ" ಎಂದರು ಗುನ್ನಾರ್. ೧೯೬೭ರ ಸೆಪ್ಟೆಂಬರಿನ ಒಂದು ಭಾನುವಾರ ಬೆಳಗಿನ ಜಾವ ಇಡೀ ದೇಶ ಎಡದಿಂದ ಬಲಕ್ಕೆ ಬದಲಾಯಿತಂತೆ. ರಸ್ತೆಯ ಮೇಲಿದ್ದ ಗಾಡಿಗಳೆಲ್ಲ ಐದು ಗಂಟೆಗೆ ಮುಂಚೆ ನಿಂತು, ನಿಧಾನವಾಗಿ ಆಚೆ ಬದಿಗೆ ಸರಿದು, ಐದಕ್ಕೆ ಮತ್ತೆ ಹೊರಟವು. ಗುನ್ನಾರ್ ಆಗ ಇಪ್ಪತ್ತು ದಾಟಿದವರು, ಕೈಯಲ್ಲಿ ಹೊಸ ಲೈಸೆನ್ಸು. ಅವರ ತಂದೆ ಎಡ ಮಣಿಕಟ್ಟಿಗೆ ಕೆಂಪು ಉಣ್ಣೆಯ ನೂಲು ಕಟ್ಟಿಕೊಂಡು ಈ ಕಾರಿನಲ್ಲಿ ಕೆಲಸಕ್ಕೆ ಹೋದರಂತೆ. ಈ ಕೈ ಇರುವ ಕಡೆಗೆ ಹೋಗಬಾರದು ಎಂಬ ನೆನಪಿಗೆ.

"ಎಷ್ಟು ದಿನ ಕಟ್ಟಿಕೊಂಡಿದ್ರು?"

"ಸಾಯೋವರೆಗೂ. ಆಮೇಲಾಮೇಲೆ ಅಭ್ಯಾಸ ಆಗಿಹೋಯ್ತು ಅಂತಿದ್ದ."

ಸ್ಟೀರಿಂಗು ಮಾತ್ರ ಆಗಲೂ ಎಡಕ್ಕೇ ಇತ್ತಂತೆ. ಆದ್ದರಿಂದ ಆ ಕಾರಿನಲ್ಲಿ ನಾನು ಕೂರುತ್ತಿದ್ದದ್ದು ಬಲಗಡೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಮ್ಮ ದೇಶದಲ್ಲಿ ಗಾಡಿ ಓಡಿಸುವವನು ಕೂರುವ ಕಡೆ ಅದು.

ಹಡಗುಕಟ್ಟೆ

ನದಿಯ ಆಚೆ ದಡಕ್ಕೆ ನಾಲ್ಕನೆಯ ದಿನ ಹೋದೆವು. ಫೋಟೋದಲ್ಲಿ ದೊಡ್ಡ ಕ್ರೇನು, ಅದರ ಕೆಳಗೆ ಅರ್ಧ ಕಟ್ಟಿದ ಹಡಗು. ಗುನ್ನಾರ್ ಅಲ್ಲಿ ಹದಿನೇಳು ವರ್ಷ ವೆಲ್ಡರ್ ಆಗಿದ್ದರು. ಹಡಗು ಕಟ್ಟುವ ಆ ಕಾರ್ಖಾನೆ ಮುಚ್ಚಿತು, ಅವರು ಬೇರೆ ಕೆಲಸ ಹುಡುಕಿಕೊಂಡರು. ಈಗ ಅಲ್ಲಿ ಗಾಜಿನ ಕಟ್ಟಡಗಳು. ಅದರಲ್ಲೊಂದು ವಿದ್ಯಾಳ ಆಫೀಸು. ಅವಳು ಊಟದ ಡಬ್ಬಿ ಹಿಡಿದು ಇಬ್ಬರು ಸಹೋದ್ಯೋಗಿಗಳ ಜೊತೆ ಕೆಳಗೆ ಬಂದಳು. ಒಬ್ಬ ಬೆಂಗಳೂರಿನವನು, ಇನ್ನೊಬ್ಬಳು ಉಡುಪಿಯವಳು.

"ಮಾಮ, ಟೇಪ್ ಹಿಡ್ಕೊಂಡು ನಮ್ಮ ಆಫೀಸ್ ಅಳೀತಿದ್ದೀರಾ? ಮಾನ ಕಳೀಬೇಡಿ" ಎಂದಳು.

ಗುನ್ನಾರ್ ಫೋಟೋವನ್ನು ಅವರಿಗೆ ತೋರಿಸಿದರು. ಆ ಮೂವರು ದಿನವೂ ಊಟ ಮಾಡುವ ಬೆಂಚು ಹಡಗಿನ ಮೂತಿ ಇದ್ದ ಕಡೆ ಬರುತ್ತಿತ್ತು. ಉಡುಪಿಯ ಹುಡುಗಿ ತನ್ನ ಡಬ್ಬಿಯಿಂದ ಒಂದು ನೀರುದೋಸೆ ಗುನ್ನಾರರ ಕೈಗಿಟ್ಟಳು. ಅವರು ನಿಂತೇ ತಿಂದರು. ಹತ್ತು ನಿಮಿಷದ ಮೇಲೆ ಅದೇ ಹುಡುಗಿಗೆ ಅದೇ ಫೋಟೋವನ್ನು ಅದೇ ಮಾತುಗಳಲ್ಲಿ ಮತ್ತೆ ತೋರಿಸಿದರು. ಅವಳು ಮೊದಲ ಸಲ ಕೇಳುವವಳಂತೆಯೇ ಕೇಳಿದಳು. ನನಗೆ ಆಗ ಗ್ಯಾರೇಜಿನ ಚೀಟಿಗಳ ಅರ್ಥವಾಯಿತು.

ಆದರೆ ಓಡಿಸುವುದರಲ್ಲಿ ಒಂದು ತಪ್ಪನ್ನೂ ನಾನು ಕಂಡಿರಲಿಲ್ಲ. ಗೇರು ಬದಲಿಸಿದ್ದು ಕಿವಿಗೆ ಕೇಳುತ್ತಿರಲಿಲ್ಲ. ಟ್ರಾಮ್ ನಿಂತರೆ ಹಿಂದೆಯೇ ನಿಂತು, ಇಳಿದವರೆಲ್ಲ ದಾಟುವವರೆಗೆ ಕಾಯುತ್ತಿದ್ದರು. ಪ್ರತಿ ಸಲ ಎಡಬದಿಯಿಂದ ಹೊರಡುವಾಗ ನಾನು "ರೈಟ್" ಎನ್ನುತ್ತಿದ್ದೆ, ಅವರು "ಯೆಸ್, ಇನ್ಸ್‌ಪೆಕ್ಟರ್" ಎಂದು ಬಲಕ್ಕೆ ದಾಟುತ್ತಿದ್ದರು.

ದೋಣಿಮನೆಯ ತಿರುವು

ಆರನೆಯ ದಿನಕ್ಕೆ ಎರಡು ಫೋಟೋ ಉಳಿದವು. ಎರಡೂ ಊರಿನ ಪಶ್ಚಿಮಕ್ಕೆ, ಸಮುದ್ರದ ದಾರಿಯಲ್ಲಿ. ಅಲ್ಲಿ ಗಿಡಮರ ಕಡಿಮೆ, ಬೋಳು ಬಂಡೆಗಳು. ಚಿತ್ರದುರ್ಗದ ಬಂಡೆಗಳನ್ನು ತೊಳೆದು ನೀರಿನ ಅಂಚಿಗೆ ಇಟ್ಟಂತೆ. ಮೊದಲ ಫೋಟೋ ಕೆಂಪು ಬಣ್ಣದ ದೋಣಿಮನೆಯ ಮುಂದಿನದು. ದೋಣಿಮನೆ ಹಾಗೇ ಇತ್ತು, ಬಣ್ಣವೂ ಅದೇ. ಕಾರನ್ನು ಎಡಕ್ಕೆ ನಿಲ್ಲಿಸಿದೆವು. ಫೋಟೋ ತೆಗೆದಾಗ ಎರಡು ಗಂಟೆ ಹತ್ತು ನಿಮಿಷ.

ಇಲ್ಲಿಂದ ಮುಂದೆ ನಿಧಾನವಾಗಿ ಬರೆಯುತ್ತೇನೆ.

ನನ್ನ ಟೇಪು ಸಿಕ್ಕಿಕೊಂಡಿತ್ತು. ಎಳೆದದ್ದು ಒಳಗೆ ಹೋಗಲಿಲ್ಲ. ಅದನ್ನು ಕೈಯಲ್ಲಿ ಸುತ್ತುತ್ತಲೇ ಕಾರಿನಲ್ಲಿ ಕುಳಿತೆ, ಕತ್ತು ಬಗ್ಗಿಸಿ ಸುತ್ತುತ್ತಲೇ ಇದ್ದೆ. ಗುನ್ನಾರ್ ಕಾರು ಹೊರಡಿಸಿದರು. ನಾನು ಆ ಮಾತು ಹೇಳಲಿಲ್ಲ.

ಟೇಪು ಒಳಹೋದ ಮೇಲೆ ತಲೆ ಎತ್ತಿದೆ. ರಸ್ತೆ ಕಿರಿದು, ನಡುವೆ ಬಿಳಿ ಗೆರೆ ಇಲ್ಲ. ನನ್ನ ಎಡಕ್ಕೆ ಗುನ್ನಾರ್, ಅವರಾಚೆ ರಸ್ತೆಯ ಅಂಚಿನ ಹುಲ್ಲು. ನನ್ನ ಬಲಕ್ಕೆ ಖಾಲಿ ರಸ್ತೆ. ವೇಗ ನಲವತ್ತು, ಮುಳ್ಳು ನನಗೆ ಕಾಣುತ್ತಿತ್ತು. ನನಗೆ ತುಂಬ ಹಾಯೆನಿಸಿತು. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಬಲಗಾಲು ಬ್ರೇಕು ಹುಡುಕದೆ ಸುಮ್ಮನಿತ್ತು. ಅದನ್ನು ನಾನು ಗಮನಿಸಿದೆ. ಅಂತೂ ಈ ಊರು ಒಗ್ಗಿತು ಎಂದುಕೊಂಡೆ. ಕಾಲು ಯಾಕೆ ಸುಮ್ಮನಿದೆ ಎಂದು ಕೇಳಿಕೊಳ್ಳಲಿಲ್ಲ. ಮೂವತ್ತೊಂದು ವರ್ಷ ಇನ್ನೊಬ್ಬರು ಓಡಿಸುವುದನ್ನು ನೋಡಿದ ಮನುಷ್ಯನಿಗೆ ರಸ್ತೆಯ ತಪ್ಪು ಬದಿಯಲ್ಲಿ ಹೋಗುತ್ತಿದ್ದೇನೆಂದು ತಿಳಿಯಲಿಲ್ಲ. ಯಾಕೆಂದರೆ ಆ ಸೀಟಿನಿಂದ ಕಾಣುತ್ತಿದ್ದದ್ದು ನನ್ನ ಊರಿನ ರಸ್ತೆ ಕಾಣುವ ಹಾಗೆಯೇ ಇತ್ತು.

ಏರಿನ ತುದಿಯಲ್ಲಿ ನೀಲಿ ಬಸ್ಸು ಕಾಣಿಸಿತು. ನೇರವಾಗಿ ನಮ್ಮ ಎದುರಿಗೆ ಬರುತ್ತಿತ್ತು. ಬಸ್ಸಿನವನು ಯಾಕೆ ಈ ಕಡೆ ಬರುತ್ತಿದ್ದಾನೆ ಎಂಬುದು ನನ್ನ ಮೊದಲ ಯೋಚನೆ. ಗುನ್ನಾರ್ ಸ್ವೀಡಿಷಿನಲ್ಲಿ ಏನೋ ಅಂದರು, ಅವರೂ ಕಾಯುತ್ತಿದ್ದರು, ಬಸ್ಸು ಸರಿಯಬೇಕೆಂದು. ಬಸ್ಸು ದೀಪ ಮಿನುಗಿಸಿತು. ಅದರ ಬ್ರೇಕಿನ ಸದ್ದು ಕೇಳಿತು. ಆಗ ನನ್ನ ಕಾಲು ಒತ್ತಿತು, ಇಲ್ಲದ ಬ್ರೇಕನ್ನು. ಗುನ್ನಾರರ ಕಾಲು ಇದ್ದ ಬ್ರೇಕನ್ನು ಒತ್ತಿತು.

ಎರಡೂ ನಿಂತವು. ಆಮೇಲೆ ಅಳೆದೆ. ಬಸ್ಸಿಗೂ ಕಾರಿಗೂ ನಡುವೆ ನಾಲ್ಕು ಮೀಟರಿಗೆ ಒಂದು ಗೇಣು ಕಡಿಮೆ.

ಯಾರೂ ಕೂಗಲಿಲ್ಲ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಇಪ್ಪತ್ತು ಜನ ಸೇರಿ ತೀರ್ಪು ಕೊಟ್ಟಿರುತ್ತಿದ್ದರು. ಬಸ್ಸಿನ ಚಾಲಕಿ ಇಳಿದು ಬಂದಳು, ನಲವತ್ತರ ಆಸುಪಾಸಿನವಳು. ಗುನ್ನಾರರ ಕಿಟಕಿಯ ಮೇಲೆ ಕೈಯಿಟ್ಟು ಮೊದಲು ಪೆಟ್ಟಾಗಿದೆಯೇ ಎಂದು ಕೇಳಿದಳು. ಆಮೇಲೆ ಮೆಲ್ಲಗೆ ರಸ್ತೆಯ ಆಚೆ ಬದಿಗೆ ಬೆರಳು ತೋರಿಸಿದಳು.

ಗುನ್ನಾರ್ ಆ ಬೆರಳನ್ನು ನೋಡಿದರು, ರಸ್ತೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕೀಲಿಗೆ ಎರಡು ಸಲ ಕೈಹಾಕಿ ತಿರುಗಿಸದೆ ಬಿಟ್ಟರು. ಆ ದೇಶದಲ್ಲಿ ಓಡಿಸಲು ಬೇಕಾದ ಕಾಗದ ನನ್ನ ಹತ್ತಿರ ಇರಲಿಲ್ಲ. ಚಾಲಕಿ ಬಸ್ಸಿನ ಕಡೆ ತಿರುಗಿ ಎರಡು ಮಾತು ಹೇಳಿದಳು. ನಾಲ್ವರು ಪ್ರಯಾಣಿಕರು ಇಳಿದು ಬಂದರು. ನಮ್ಮೂರ ಕಡೆ ಪ್ರಯಾಣಿಕರು ಬಸ್ಸು ತಳ್ಳುತ್ತಾರೆ. ಇಲ್ಲಿ ಬಸ್ಸಿನ ಪ್ರಯಾಣಿಕರು ಕಾರು ತಳ್ಳಿದರು. ನಾನೂ ತಳ್ಳಿದೆ. ಕಾರು ಬಲಬದಿಯ ಹುಲ್ಲಿಗೆ ಬಂದು ನಿಂತಿತು. ಅವರು ಕೈ ಒರೆಸಿಕೊಂಡು, ತಲೆಯಾಡಿಸಿ, ಬಸ್ಸು ಹತ್ತಿ ಹೋದರು.

ಬಂಡೆಯ ಮೇಲೆ

ಕಾರಿನಿಂದ ಇಳಿದು ಬಂಡೆಯ ಮೇಲೆ ಕುಳಿತೆವು. ಗುನ್ನಾರ್ ಥರ್ಮಾಸಿನಿಂದ ಕಾಫಿ ಬಗ್ಗಿಸಿದರು. ಅರ್ಧ ಲೋಟಕ್ಕೆ, ಅರ್ಧ ಬಂಡೆಗೆ.

ನಾನು ಎದ್ದು ದೋಣಿಮನೆಯವರೆಗೆ ನಡೆದು ಹೆಜ್ಜೆ ಎಣಿಸಿಕೊಂಡು ಬಂದೆ. ಆರುನೂರ ನಲವತ್ತು ಹೆಜ್ಜೆ. ಅಷ್ಟು ದೂರ ಎಡಬದಿಯಲ್ಲಿ ಬಂದಿದ್ದೆವು. ನನ್ನ ಕಾಲಿಗೂ ಏನಾದರೂ ಮಾಡಲು ಬೇಕಿತ್ತು.

"ಎಷ್ಟು?" ಎಂದರು ಗುನ್ನಾರ್. ಹೇಳಿದೆ.

"ನೀನು ಆ ಮಾತು ಹೇಳಲಿಲ್ಲ."

"ಇಲ್ಲ. ಹೇಳಲಿಲ್ಲ."

ಅವರು ದೂರಲಿಲ್ಲ. "ಕಾರಿಗೆ ಒಂದು ಗೀರೂ ಬಿದ್ದಿಲ್ಲ" ಎಂದರು. ಅವರ ಮಾತು ಯಾವ ಕಡೆ ಹೊರಟಿದೆಯೆಂದು ನನಗೆ ತಿಳಿಯಿತು. ಕೆಲಸದಲ್ಲಿದ್ದಾಗ ಈ ಮಾತನ್ನು ಎಷ್ಟೋ ಜನರ ಬಾಯಿಂದ ಕೇಳಿದ್ದೆ.

"ಒಂದೇ ಫೋಟೋ ಉಳಿದಿದೆ, ಶಿವ" ಎಂದರು. ಶಿವಾನಂದ ಎನ್ನುವ ನನ್ನ ಹೆಸರನ್ನು ಅವರು ಅಷ್ಟಕ್ಕೇ ನಿಲ್ಲಿಸುತ್ತಿದ್ದರು. "ಇಲ್ಲಿಂದ ನಾಲ್ಕು ಕಿಲೋಮೀಟರ್. ನಾನು ಓಡಿಸ್ತೀನಿ, ನೀನು ಪ್ರತಿ ನಿಮಿಷ ರೈಟ್ ರೈಟ್ ಅಂತಿರು. ಮನೆಗೆ ಹೋದ ಮೇಲೆ ಕೀಲಿ ನಾನೇ ಲೇನಾಗೆ ಕೊಡ್ತೀನಿ. ಯಾಕೆ ಅಂತ ಅವಳಿಗೆ ಹೇಳಬೇಕಾಗಿಲ್ಲ. ಸಾಕಾಯ್ತು ಅಂದರೆ ಆಯ್ತು."

ಕೆಟ್ಟ ಮಾತೇನೂ ಅಲ್ಲ. ಫೋ‌ಟೋ ಮುಗಿಯುತ್ತಿತ್ತು, ಕೀಲಿ ಮಗಳ ಕೈ ಸೇರುತ್ತಿತ್ತು, ಮುದುಕನ ಮಾನ ಉಳಿಯುತ್ತಿತ್ತು. ನನ್ನ ತಪ್ಪೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ನನಗೂ ಸೇರಿಸಿಯೇ ದಾರಿ ಮಾಡುತ್ತಿದ್ದರು.

"ರೈಟ್ ಅನ್ನಬೇಕಾದವನಿಗೇ ಎಡ ಸರಿ ಅಂತ ಕಾಣಿಸಿತು, ಗುನ್ನಾರ್. ನನ್ನನ್ನು ನಂಬಿ ಹೇಗೆ ಓಡಿಸ್ತೀಯ?" ಎಂದೆ.

ನಾನು ವಿದ್ಯಾಗೆ ಫೋನ್ ಮಾಡಿ ನಡೆದದ್ದು ಹೇಳಿದೆ.

"ಮಾಮ, ಇಬ್ಬರೂ ಆರಾಮಿದ್ದೀರಲ್ಲ? ನಿಜ ಹೇಳಿ" ಎಂದಳು. ಆಮೇಲೆ ದನಿ ತಗ್ಗಿಸಿ, "ಲೇನಾಗೆ ನಾನು ಫೋನ್ ಮಾಡ್ತೀನಿ, ನಿಧೀನೂ ನಾನೇ ಕರ್ಕೊಂಡು ಬರ್ತೀನಿ. ಆದ್ರೆ ಅಪ್ಪ ಮಗಳ ಮಧ್ಯೆ ನೀವು ಜಾಸ್ತಿ ಹೋಗ್ಬೇಡಿ. ಕೇಳಿದಷ್ಟಕ್ಕೆ ಹೇಳಿ" ಎಂದಳು.

ಒಂದೂವರೆ ಗಂಟೆ ಕಾದೆವು. ಗುನ್ನಾರ್ ಕೊನೆಯ ಫೋಟೋವನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತಿದ್ದರು. ರಸ್ತೆ ಕೊನೆಯಾಗುವ ಸಣ್ಣ ದೋಣಿಕಟ್ಟೆ, ಎಡಬದಿಗೆ ಇದೇ ಕಾರು, ಅದರ ಮೂತಿಯ ಮೇಲೆ ಕೈಯಿಟ್ಟು ನಿಂತ ಅವರ ತಂದೆ. ಆ ಒಂದನ್ನು ಮಾತ್ರ ತೆಗೆದದ್ದು ಗುನ್ನಾರ್. ತಂದೆ ಕ್ಯಾಮರಾವನ್ನು ಮಗನ ಕೈಗೆ ಕೊಟ್ಟ ಮೊದಲ ದಿನವದು.

ಕೊನೆಯ ಫೋಟೋ

ಲೇನಾ ಬಂದದ್ದು ಬಸ್ಸಿನಲ್ಲಿ, ಅದೇ ನೀಲಿ ಬಸ್ಸು, ಅದೇ ಚಾಲಕಿ. ನಮ್ಮನ್ನು ನೋಡಿ ಚಾಲಕಿ ಕೈಯೆತ್ತಿದಳು.

ಲೇನಾ ತಂದೆಯ ಭುಜ ಮುಟ್ಟಿ, ನನ್ನ ಎದುರಿಗೆ ಬಂಡೆಯ ಮೇಲೆ ಕುಳಿತಳು. "ಏನಾಯ್ತು ಹೇಳಿ" ಎಂದಳು.

ಹೇಳಿದೆ. ಎರಡು ಗಂಟೆ ಹತ್ತು ನಿಮಿಷ, ಆರುನೂರ ನಲವತ್ತು ಹೆಜ್ಜೆ, ನಲವತ್ತರ ವೇಗ, ನಾಲ್ಕು ಮೀಟರಿಗೆ ಒಂದು ಗೇಣು ಕಡಿಮೆ. ಆಮೇಲೆ ಉಳಿದದ್ದನ್ನೂ ಹೇಳಿದೆ. "ಹೊರಡುವಾಗ ಹೇಳಬೇಕಾದ ಮಾತು ನಾನು ಹೇಳಲಿಲ್ಲ. ಅಷ್ಟು ದೂರವೂ ನನಗೆ ಗೊತ್ತಾಗಲಿಲ್ಲ. ತಪ್ಪು ಬಸ್ಸಿನದು ಅಂತ ಅಂದುಕೊಂಡೆ."

ಲೇನಾ ಒಂದು ದಾರಿ ಹುಡುಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಾನು ಮರೆತದ್ದರಿಂದ ಆದದ್ದು ಎಂದಾದರೆ ತಂದೆಯ ಕಾರು ತಂದೆಯ ಹತ್ತಿರ ಉಳಿಯುತ್ತಿತ್ತು.

"ನೀವು ಆ ಮಾತು ಹೇಳಿದ್ದರೆ ಆಗ್ತಿರಲಿಲ್ಲ ಅಲ್ವಾ?"

"ಇವತ್ತು ಆಗ್ತಿರಲಿಲ್ಲ."

"ಪಪ್ಪ ನಿಮ್ಮ ಹತ್ತಿರ ಲೈಸೆನ್ಸಿಗೆ ಬಂದಿದ್ದರೆ ಕೊಡ್ತಿದ್ರಾ?"

ಗುನ್ನಾರ್ ಸಮುದ್ರದ ಕಡೆ ನೋಡುತ್ತಿದ್ದರು. ಕೈ ಚಳಕದಲ್ಲಿ ಅವರಷ್ಟು ಚೆನ್ನಾಗಿ ಓಡಿಸುವವರನ್ನು ನನ್ನ ಕೆಲಸದ ಕಾಲದಲ್ಲಿ ಬೆರಳೆಣಿಕೆಯಷ್ಟು ಕಂಡಿರಬಹುದು. ಅದನ್ನೂ ಹೇಳಿದೆ. ಆಮೇಲೆ, "ಇಲ್ಲ, ಕೊಡ್ತಿರಲಿಲ್ಲ" ಎಂದೆ.

"ಅವನು ಒಂದು ಮಾತು ಬಿಟ್ಟ" ಎಂದರು ಗುನ್ನಾರ್, ನಮ್ಮ ಕಡೆ ತಿರುಗದೆ. "ಬಸ್ಸು ಎದುರು ಬಂದಾಗ ನಾನು ಅದನ್ನ ಓಡಿಸೋಳನ್ನ ಬೈದೆ. ಸ್ವೀಡಿಷಿನಲ್ಲಿ. ಅದು ಅವನಿಗೆ ಗೊತ್ತಾಗಿಲ್ಲ. ಅದನ್ನೂ ಬರ್ಕೋ, ಇನ್ಸ್‌ಪೆಕ್ಟರ್. ನಾನು ಮರೆತದ್ದು ಅಲ್ಲ. ನಾನೇ ಸರಿ ಅಂತಲೇ ಹೋಗ್ತಿದ್ದೆ."

ಜೇಬಿನಿಂದ ಕೀಲಿ ತೆಗೆದು ಮಗಳ ಮುಂದೆ ಹಿಡಿದರು. ಅವಳು ತೆಗೆದುಕೊಳ್ಳಲು ಸ್ವಲ್ಪ ತಡಮಾಡಿದಳು.

"ಒಂದು ಉಳಿದಿದೆ ಅಲ್ವಾ?" ಎಂದಳು.

ಆ ಕಾರಿನಲ್ಲಿ ಓಡಿಸಲು ಕಲಿತವಳಂತೆ ಅವಳು, ಆದರೆ ಮುಟ್ಟಿ ಇಪ್ಪತ್ತು ವರ್ಷದ ಮೇಲಾಗಿತ್ತು. ಗುನ್ನಾರ್ ನನ್ನ ಸೀಟಿನಲ್ಲಿ ಕುಳಿತರು, ನಾನು ಹಿಂದೆ. ಎರಡನೆಯ ಗೇರಿಗೆ ಹಾಕುವಾಗ ಗರ್ ಎಂದಿತು.

"ಅದು ಕಾಫಿ ಬೀಜ ಬೀಸೋ ಯಂತ್ರ ಅಲ್ಲ" ಎಂದರು ಗುನ್ನಾರ್.

"ಪಪ್ಪ."

"ಸುಮ್ಮನೆ ಹೇಳಿದೆ."

ದೋಣಿಕಟ್ಟೆ ತಲುಪಿದಾಗ ಬಿಸಿಲು ಓರೆಯಾಗಿತ್ತು. ಅಲ್ಲಿ ಬೇಸಿಗೆಯ ಸಂಜೆ ಮುಗಿಯುವ ಅವಸರ ತೋರುವುದಿಲ್ಲ. ಗುನ್ನಾರ್ ಇಳಿದು, ಫೋಟೋವನ್ನು ಕೈ ನೀಡಿ ಹಿಡಿದು, ಬಂಡೆಯ ಗೆರೆಯನ್ನು ಬಂಡೆಗೆ ಕೂಡಿಸಿದರು. ನೆಲಕ್ಕೆ ಗುರುತು ಹಾಕಿದರು. ಲೇನಾ ಕಿಟಕಿಯಿಂದ ಕೇಳಿದಳು:

"ಎಡಕ್ಕೆ ತಗೊಂಡು ನಿಲ್ಲಿಸಬೇಕಲ್ಲ?"

ನಾನು ಟೇಪು ತೆಗೆದು ಸಿದ್ಧನಾಗಿದ್ದೆ. ಹತ್ತು ಫೋಟೋಗಳಲ್ಲಿ ಒಂದು ಬೆರಳಗಲ ಆಚೀಚೆಯಾದರೂ ಕಾರನ್ನು ಮತ್ತೆ ಸರಿಸಿದ ಮನುಷ್ಯ ಅವರು.

"ಬೇಡ" ಎಂದರು. "ಈಗೆಲ್ಲಿದೆಯೋ ಅಲ್ಲೇ ಇರಲಿ."

"ಫೋಟೋಗೆ ಹೊಂದಲ್ಲ."

"ಹೊಂದೋದು ಬೇಡ."

ಕ್ಯಾಮರಾವನ್ನು ನನ್ನ ಕೈಗೆ ಕೊಟ್ಟು ಅವರು ಕಾರಿನ ಹತ್ತಿರ ಹೋದರು. ತಂದೆ ನಿಂತಂತೆ ಮೂತಿಯ ಮೇಲೆ ಕೈಯಿಟ್ಟು ನಿಂತರು. ಲೇನಾ ಸ್ಟೀರಿಂಗಿನ ಹಿಂದೆಯೇ ಕುಳಿತಿದ್ದಳು. ಇಳಿಯಬೇಕೇ ಎಂದು ಸನ್ನೆಯಲ್ಲಿ ಕೇಳಿದಳು, ಅವರು ಬೇಡವೆಂದು ತಲೆಯಾಡಿಸಿದರು. ಹಳೆಯ ಫೋಟೋದಲ್ಲಿ ಆ ಸೀಟು ಖಾಲಿ. ನಾನು ತೆಗೆದ ಫೋಟೋದಲ್ಲಿ ಕಾರು ರಸ್ತೆಯ ಬಲಕ್ಕೆ ಇದೆ, ಸೀಟಿನಲ್ಲಿ ಮಗಳಿದ್ದಾಳೆ. ನಾನು ಏನನ್ನೂ ಅಳೆಯಲಿಲ್ಲ.

ವಾಪಸು ಬರುವಾಗ ದೋಣಿಮನೆ ದಾಟಿತು. ತಿರುವಿನಲ್ಲಿ ಎದುರಿನಿಂದ ಒಂದು ಕಾರು ಬಂತು. ಹಿಂದಿನ ಸೀಟಿನಿಂದ ನನಗೆ ಗುನ್ನಾರರ ಬಲ ಮಂಡಿ ಕಾಣುತ್ತಿತ್ತು. ಅವರ ಕಾಲು ನೆಲದ ಚಾಪೆಯನ್ನು ಗಟ್ಟಿಯಾಗಿ ಒತ್ತಿತು.

"ಪಪ್ಪ, ಅಲ್ಲಿ ಬ್ರೇಕ್ ಇಲ್ಲ" ಎಂದಳು ಲೇನಾ.

"ಗೊತ್ತು" ಎಂದರು. ಮುಂದಿನ ತಿರುವಿನಲ್ಲಿ ಮತ್ತೆ ಒತ್ತಿದರು. ಹಿಂದೆ ನಾನೂ ಒತ್ತಿದೆ.